ನೆನಪಿರುವಾಗಲೇ ಆರ್‌ಸಿ ಬದಲಾಗಲಿ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂಥ ಊರಿನಲ್ಲಿ ಕಾರು ಶೋಕಿಗೆ ಇಟ್ಟುಕೊಳ್ಳುವ ವಸ್ತುವಲ್ಲ. ನಡುರಾತ್ರಿ ಯಾರಿಗಾದರೂ ಎದೆನೋವು ಬಂದರೆ ಹಿರಿಯೂರಿಗೆ ಓಡಬೇಕು, ಅಲ್ಲಿ ಆಗದಿದ್ದರೆ ಚಿತ್ರದುರ್ಗಕ್ಕೆ, ಅದೂ ಮೀರಿದರೆ ಬೆಂಗಳೂರಿಗೆ. ಅದಕ್ಕೆಂದೇ ಎಷ್ಟೋ ಮನೆಗಳಲ್ಲಿ ಹಳೆಯ ಆಲ್ಟೊ, ಓಮ್ನಿ, ಬೊಲೆರೊಗಳಿವೆ. ಬಹಳಷ್ಟರ ಆರ್‌ಸಿ ಮನೆಯ ಯಜಮಾನರ ಹೆಸರಿನಲ್ಲೇ ಇರುತ್ತದೆ. ಆ ಯಜಮಾನರಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಬಂದು, ಹೆಂಡತಿಗೆ ಗಾಡಿ ಓಡಿಸಲು ಬರದೆ, ಮಕ್ಕಳು ದೂರದ ಊರಿನಲ್ಲಿದ್ದರೆ, ಮನೆ ಮುಂದೆ ನಿಂತ ಕಾರಿನಿಂದ ಯಾರಿಗೂ ಉಪಯೋಗವಿಲ್ಲ. ಮಾರಿ ಬಂದ ಹಣವನ್ನು ಔಷಧಿಗೆ, ಆರೈಕೆಗೆ ಬಳಸೋಣ ಎಂದು ಮನೆಯವರಿಗೆ ಅನಿಸುವುದು ನ್ಯಾಯವೇ. ಆದರೆ ಈ ಮಾರಾಟ ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಇಷ್ಟೆ: ಆ ಕಾರನ್ನು ಮಾರುವ ಅಥವಾ ಹೆಂಡತಿಯ ಹೆಸರಿಗೆ ಬದಲಿಸುವ ಸರಿಯಾದ ಕಾಲ, ಗಂಡನ ಸಹಿಯ ಹಿಂದೆ ಅವರ ತಿಳಿವಳಿಕೆ ಇನ್ನೂ ಇರುವ ಕಾಲ. ಅದು ಕಳೆದ ಮೇಲೆ ನಮ್ಮ ಕಾನೂನಿನಲ್ಲಿ ಉಳಿಯುವ ದಾರಿ ಬಹಳ ಕಿರಿದು, ಅದನ್ನು ಅಗಲ ಮಾಡಬೇಕಾದ ಹೊಣೆ ಸರ್ಕಾರದ್ದು.

ಇದು ಎಲ್ಲೋ ನಾಲ್ಕು ಮನೆಗಳ ಸಂಕಟ ಎಂದು ತಳ್ಳಿಹಾಕುವಂತಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು, ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು ಅಂದಾಜು ಮಾಡಿತು. ಪಟ್ಟಣಗಳಲ್ಲಿ ಶೇಕಡಾ 5.3 ಇದ್ದರೆ ಹಳ್ಳಿಗಳಲ್ಲಿ 8.4. ಇದು ಪೇಟೆಯವರ ಕಾಯಿಲೆ ಎಂಬ ನಂಬಿಕೆಗೆ ಈ ಲೆಕ್ಕದಲ್ಲಿ ಆಧಾರವಿಲ್ಲ. ಹಳ್ಳಿಯಲ್ಲಿ ಮೊದಲ ಒಂದೆರಡು ವರ್ಷ ಅರಳು ಮರಳು ಎಂಬ ಮಾತಿನಲ್ಲೇ ಕಳೆದುಹೋಗುತ್ತವೆ. ಹೇಳಿದ್ದನ್ನೇ ಹೇಳುವುದು, ಕೊಟ್ಟ ಹಣ ಮರೆಯುವುದು, ಗೊತ್ತಿರುವ ದಾರಿಯಲ್ಲೇ ಗೊಂದಲವಾಗುವುದು ವಯಸ್ಸಿನ ಸಹಜ ಗುಣ ಎಂದುಕೊಂಡು ಸುಮ್ಮನಿರುತ್ತೇವೆ. ಕಾಗದಪತ್ರದ ದೃಷ್ಟಿಯಿಂದ ನೋಡಿದರೆ ಕೈತಪ್ಪಿಹೋಗುವ ಅತ್ಯಂತ ಬೆಲೆಬಾಳುವ ಸಮಯ ಅದೇ.

ಮೊದಲು ಕಾರು ಯಾರದು ಎಂಬುದನ್ನು ನೋಡೋಣ. ಗಂಡ ಹೆಂಡತಿ ಬೇರೆಯೇ, ಅವರದ್ದೆಲ್ಲ ಇವರದ್ದೇ ತಾನೆ ಎಂಬುದು ಸಂಸಾರದ ಮಾತು. ಕಾನೂನು ಹಾಗೆ ಕಾಣುವುದಿಲ್ಲ. ಗಂಡ ಬದುಕಿರುವವರೆಗೆ ಅವರ ಹೆಸರಿನ ಸ್ವತ್ತಿಗೆ ಹೆಂಡತಿ ಮಾಲೀಕಳಲ್ಲ. ಹೆಂಡತಿಯ ಹೆಸರಿನಲ್ಲಿ ಗಾಡಿ ಇದ್ದು ಮರೆವು ಅವರಿಗೆ ಬಂದಿದ್ದರೆ ಗಂಡನದ್ದೂ ಇದೇ ಸ್ಥಿತಿ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಗಾಡಿ ಕೈಬದಲಾದಾಗ ಮಾರಿದವರು ಹದಿನಾಲ್ಕು ದಿನದೊಳಗೆ, ಕೊಂಡವರು ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅದಕ್ಕೆ ಇರುವುದು ಫಾರಂ 29 ಮತ್ತು 30. ಎರಡರಲ್ಲೂ ಮಾಲೀಕರ ಸಹಿ ಬೇಕು. ಕೊಳ್ಳುವವರು ಗಡಿಯಾಚೆಯ ಆಂಧ್ರದವರಾದರೆ ಎನ್‌ಒಸಿಗೆ ಫಾರಂ 28 ಸೇರುತ್ತದೆ. ಸಾಲದ ಕಂತು ಎಂದೋ ಮುಗಿದಿದ್ದರೂ ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಹಾಗೇ ಉಳಿದಿದ್ದರೆ, ಅದನ್ನು ತೆಗೆಸಲು ಫಾರಂ 35ಕ್ಕೂ ಮಾಲೀಕರೇ ಸಹಿ ಮಾಡಬೇಕು. ಎಲ್ಲಿ ತಿರುಗಿದರೂ ಅದೇ ಒಂದು ಸಹಿ.

ಗಂಡ ತೀರಿಕೊಂಡಿದ್ದರೆ ಇದೇ ಕಾನೂನು ಎಷ್ಟು ಮೆದುವಾಗುತ್ತದೆ ನೋಡಿ. ಕೇಂದ್ರ ಮೋಟಾರು ವಾಹನ ನಿಯಮಗಳ 56ನೇ ನಿಯಮದಂತೆ, ಸಾವಿನ ಸುದ್ದಿಯನ್ನು ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ವಾರಸುದಾರರು ಮೂರು ತಿಂಗಳು ಆ ಗಾಡಿಯನ್ನು ಬಳಸಬಹುದು, ಅಷ್ಟರಲ್ಲಿ ಫಾರಂ 31 ಕೊಟ್ಟು ಹೆಸರು ಬದಲಿಸಿಕೊಳ್ಳಬಹುದು. 2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸುವ ಅವಕಾಶವೂ ಬಂದಿದೆ. ನಾಮಿನಿ ಇದ್ದರೆ ಸಾಕು, ಎಲ್ಲ ಸರಿಹೋಯಿತು ಎಂದು ನೆಮ್ಮದಿಯಾಗಿರುವ ಕುಟುಂಬಗಳು ಒಂದು ವಿಷಯ ಗಮನಿಸಬೇಕು: ನಾಮಿನಿಯ ಹಕ್ಕು ಶುರುವಾಗುವುದು ಮಾಲೀಕರು ತೀರಿಕೊಂಡ ಮೇಲೆ. ಮನುಷ್ಯ ಎದುರಿಗೇ ಕೂತಿದ್ದು, ತನಗೆ ಕಾರಿತ್ತೆಂಬುದನ್ನೇ ಮರೆತಿದ್ದರೆ ಆ ಹೆಸರು ಏನೂ ಮಾಡಲಾರದು. ವಿಧವೆಗೆ ಒಂದು ಫಾರಂ ಇಟ್ಟಿರುವ ಕಾನೂನು, ಮರೆವಿನ ಗಂಡನನ್ನು ಹಗಲು ರಾತ್ರಿ ನೋಡಿಕೊಳ್ಳುವ ಹೆಂಡತಿಗೆ ಒಂದನ್ನೂ ಇಟ್ಟಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಹಾಗಾದರೆ ಡಿಮೆನ್ಶಿಯಾ ಎಂದು ಡಾಕ್ಟರು ಬರೆದುಕೊಟ್ಟ ದಿನದಿಂದಲೇ ಸಹಿ ಕೆಲಸಕ್ಕೆ ಬಾರದೆ? ಹಾಗಿಲ್ಲ. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇದು. 1872ರ ಕರಾರು ಕಾಯ್ದೆಯ 11ನೇ ಸೆಕ್ಷನ್ ಸ್ವಸ್ಥ ಬುದ್ಧಿಯವರು ಮಾತ್ರ ಕರಾರು ಮಾಡಬಹುದು ಎನ್ನುತ್ತದೆ. ಯಾರು ಸ್ವಸ್ಥ ಬುದ್ಧಿಯವರು ಎಂಬುದನ್ನು 12ನೇ ಸೆಕ್ಷನ್ ಹೇಳುತ್ತದೆ: ಕರಾರು ಮಾಡುವ ಆ ಹೊತ್ತಿನಲ್ಲಿ ಅದು ಏನೆಂದು ಅರ್ಥ ಮಾಡಿಕೊಂಡು, ತನಗೆ ಒಳ್ಳೆಯದೋ ಕೆಟ್ಟದೋ ಎಂದು ತೂಗಿ ನೋಡಬಲ್ಲವರು. ಹುಚ್ಚಾಸ್ಪತ್ರೆಯಲ್ಲಿರುವ ವ್ಯಕ್ತಿಯೂ ಬುದ್ಧಿ ತಿಳಿಯಾಗಿರುವ ಅವಧಿಯಲ್ಲಿ ಕರಾರು ಮಾಡಬಹುದು ಎಂಬ ಉದಾಹರಣೆಯನ್ನು ಆ ಹಳೆಯ ಕಾಯ್ದೆಯೇ ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಮುಂದೆ ಹೋಗಿ, ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರನ್ನೂ ಬುದ್ಧಿ ಕೆಟ್ಟವರೆಂದು ಎಣಿಸಬಾರದು ಎಂದಿದೆ. ಶುರುವಿನ ಹಂತದಲ್ಲಿರುವ ಮನುಷ್ಯನಿಗೆ ನಿನ್ನೆ ಏನು ಊಟ ಮಾಡಿದೆ ಎಂಬುದು ಮರೆತಿರಬಹುದು. ಆದರೆ ಇದು ನನ್ನ ಕಾರು, ಇದನ್ನು ಹೆಂಡತಿಯ ಹೆಸರಿಗೆ ಮಾಡುತ್ತಿದ್ದೇನೆ, ಮುಂದೆ ಅವಳು ಮಾರಬಹುದು ಎಂಬಷ್ಟು ಗೊತ್ತಾದರೆ ಆ ಸಹಿ ಗಟ್ಟಿಯಾದದ್ದೇ. ಫಾರಂನಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳಿ, ಅವರ ಬಾಯಲ್ಲೇ ಅದನ್ನು ಕೇಳಿ, ಆ ದಿನವೇ ಡಾಕ್ಟರಿಂದ ಅವರ ತಿಳಿವಳಿಕೆಯ ಬಗ್ಗೆ ಚೀಟಿ ಬರೆಸಿ, ಹಣದಲ್ಲಿ ಪಾಲಿಲ್ಲದ ಇಬ್ಬರು ಸಾಕ್ಷಿಗಳನ್ನು ಕೂರಿಸಿಕೊಂಡರೆ ನಾಳೆ ಯಾರಾದರೂ ಪ್ರಶ್ನಿಸಿದಾಗ ಉತ್ತರ ಕೈಯಲ್ಲಿರುತ್ತದೆ.

ಅಷ್ಟೆಲ್ಲ ಏಕೆ, ಒಂದು ಜಿಪಿಎ, ಅಂದರೆ ಅಧಿಕಾರಪತ್ರ ಬರೆಸಿಟ್ಟುಕೊಂಡರೆ ಬೇಕಾದಾಗ ಮಾರಬಹುದಲ್ಲ ಎನ್ನುವವರಿದ್ದಾರೆ. ಪಟ್ಟಣದ ಓದಿದವರಲ್ಲೂ ಈ ತಪ್ಪು ತಿಳಿವಳಿಕೆ ಗಾಢವಾಗಿದೆ. ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ, ಕೊಟ್ಟ ಅಧಿಕಾರವೂ ಅಲ್ಲಿಗೆ ಮುಗಿಯಿತು. ಯಾವ ಕಷ್ಟಕ್ಕೆ ಆಗಲೆಂದು ಜಿಪಿಎ ಬರೆಸಿದೆವೋ ಆ ಕಷ್ಟ ಬಂದ ದಿನವೇ ಅದು ಬರೀ ಕಾಗದ. ಇಂಗ್ಲೆಂಡ್ 1985ರಲ್ಲೇ, ಬುದ್ಧಿ ಮಂಕಾದ ಮೇಲೂ ಉಳಿಯುವ ಅಧಿಕಾರಪತ್ರಕ್ಕೆ ಕಾನೂನು ಮಾಡಿತು, 2005ರ ಕಾಯ್ದೆಯಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಿತು. ನಾವು ಇಂಗ್ಲಿಷರಿಂದ ಪಡೆದ 1872ರ ಸಾಲನ್ನು ಇಂದಿಗೂ ಹಾಗೇ ಇಟ್ಟುಕೊಂಡಿದ್ದೇವೆ.

ಇನ್ನು, ಊರಲ್ಲಿ ಎಲ್ಲರೂ ಮಾಡುವುದು ಬೇರೆಯೇ ಎಂಬ ಆಕ್ಷೇಪ ಬರುತ್ತದೆ. ಮಲಗಿರುವವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಇಲ್ಲವೆ ಮಗನೇ ಅಪ್ಪನ ಸಹಿ ಹಾಕುತ್ತಾನೆ, ಮೊಬೈಲಿಗೆ ಬಂದ ಒಟಿಪಿಯನ್ನು ಸೊಸೆ ಓದಿ ಹೇಳುತ್ತಾಳೆ, ಖಾಲಿ ಫಾರಂಗಳ ಸಮೇತ ಗಾಡಿಯನ್ನು ಬ್ರೋಕರ್ ಕೈಗೆ ಕೊಟ್ಟು ಹಣ ಎಣಿಸಿಕೊಳ್ಳುತ್ತಾರೆ. ಕೆಟ್ಟ ಉದ್ದೇಶವಿಲ್ಲದೆ, ಬೇರೆ ದಾರಿ ಕಾಣದೆ ಮಾಡುವವರೇ ಹೆಚ್ಚು. ಅವರನ್ನು ಕಳ್ಳರೆಂದು ಕರೆಯಲು ನನಗೆ ಮನಸ್ಸಿಲ್ಲ. ಆದರೆ ಅಪಾಯ ಅವರ ತಲೆಯ ಮೇಲೇ ಇದೆ. ಇನ್ನೊಬ್ಬರ ಸಹಿ ಹಾಕುವುದು ಅಪರಾಧ. ಏನೆಂದು ತಿಳಿಯದೆ ಒತ್ತಿದ ಹೆಬ್ಬೆಟ್ಟಿನ ಮಾರಾಟ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಮುಂದೆ ಆಸ್ತಿಯ ವಿಚಾರದಲ್ಲಿ ಅಣ್ಣತಮ್ಮಂದಿರು ಮುನಿಸಿಕೊಂಡರೆ ಮೊದಲು ಹೊರಬರುವುದು ಇಂಥ ಕಾಗದವೇ. ಇದಕ್ಕಿಂತ ದೊಡ್ಡ ಅಪಾಯ ಖಾಲಿ ಫಾರಂನದು. ಬ್ರೋಕರ್ ಮತ್ತೊಬ್ಬರಿಗೆ, ಅವರು ಮಗದೊಬ್ಬರಿಗೆ ಮಾರಿ, ಆರ್‌ಸಿ ಮಾತ್ರ ವರ್ಷಗಟ್ಟಲೆ ಹಳೆಯ ಹೆಸರಿನಲ್ಲೇ ಉಳಿಯುತ್ತದೆ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣ ಇಂಥದ್ದೇ. ಕಾರು ಹಲವರ ಕೈ ದಾಟಿದ ಮೇಲೆ 2009ರಲ್ಲಿ ಅಪಘಾತವಾಯಿತು. 2018ರಲ್ಲಿ ಸುಪ್ರೀಂ ಕೋರ್ಟು, ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದ್ದೇ ಎಂದು ತೀರ್ಪು ಕೊಟ್ಟಿತು. ವಿಮೆ ಇಲ್ಲದ ಗಾಡಿ ಹೆದ್ದಾರಿಯಲ್ಲಿ ಒಬ್ಬರಿಗೆ ಗುದ್ದಿದರೆ ನೋಟಿಸು ಬರುವುದು, ತನ್ನ ಹೆಸರನ್ನೇ ನೆನಪಿಸಿಕೊಳ್ಳಲು ತಡಕಾಡುವ ಮನುಷ್ಯನ ಮನೆಗೆ. 2023ರ ಏಪ್ರಿಲ್‌ನಿಂದ ಅಧಿಕೃತ ಡೀಲರಿಗೆ ಗಾಡಿ ಒಪ್ಪಿಸಿದರೆ ಹೊಣೆಯೂ ಅವರಿಗೆ ಹೋಗುವ ವ್ಯವಸ್ಥೆ ಬಂದಿರುವುದು ಒಳ್ಳೆಯದೇ. ಆದರೆ ಆ ಒಪ್ಪಿಸುವಿಕೆಯನ್ನು ತಿಳಿಸಬೇಕಾದವರೂ ಮಾಲೀಕರೇ.

ನನಗೆ ಉತ್ತರಿಸಲು ಕಷ್ಟವೆನಿಸುವ ಆಕ್ಷೇಪ ಇನ್ನೊಂದಿದೆ. ಕಾಯಿಲೆ ಗೊತ್ತಾದ ಕೂಡಲೇ ಕಾರಿನ ಹೆಸರು ಬದಲಿಸಿ ಎನ್ನುವುದು ಕ್ರೌರ್ಯವಲ್ಲವೆ? ದುಡಿದು ಕೊಂಡ ಗಾಡಿ, ಊರಲ್ಲಿ ಅದರಿಂದ ಬಂದ ಮರ್ಯಾದೆ, ತಾನೇ ಓಡಿಸಿಕೊಂಡು ಹೋಗುವ ಸ್ವಾತಂತ್ರ್ಯ, ಇವನ್ನೆಲ್ಲ ಒಮ್ಮೆಗೇ ಕಿತ್ತುಕೊಂಡಂತೆ ಆಗುವುದಿಲ್ಲವೆ? ಆಗುತ್ತದೆ. ಆದ್ದರಿಂದಲೇ ಆತುರ ಬೇಡ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆಯಿಂದ ಸುಧಾರಿಸುತ್ತದೆ. ಆ ಪರೀಕ್ಷೆಗಳು ಮುಗಿಯುವ ಮುನ್ನ ಯಾರೂ ಯಾವ ಫಾರಂ ಕೂಡ ಮುಂದಿಡಬಾರದು. ಓಡಿಸುವ ಪ್ರಶ್ನೆ ಮಾತ್ರ ಬೇರೆ. ದಾರಿ ತಪ್ಪುವುದು, ಎದುರು ಬರುವ ಗಾಡಿಯ ವೇಗ ಅಂದಾಜಾಗದಿರುವುದು ಶುರುವಾಗಿದ್ದರೆ, ಲಾರಿಗಳು ಸಾಲುಗಟ್ಟಿ ಓಡುವ ಹಿರಿಯೂರಿನ ಹೆದ್ದಾರಿಯಲ್ಲಿ ಅವರನ್ನು ಸ್ಟಿಯರಿಂಗ್ ಹಿಂದೆ ಕೂರಿಸುವುದು ಮರ್ಯಾದೆ ಉಳಿಸುವುದಲ್ಲ. ಕಾಯಿಲೆಯ ಕಾರಣಕ್ಕೆ ಲೈಸೆನ್ಸ್ ರದ್ದು ಮಾಡುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 16ನೇ ಸೆಕ್ಷನ್ ಕೊಟ್ಟಿದೆ. ಆದರೆ ಕೀಲಿಯನ್ನು ಬಚ್ಚಿಡುವುದಕ್ಕೂ ಆರ್‌ಸಿ ಬದಲಿಸುವುದಕ್ಕೂ ವ್ಯತ್ಯಾಸವಿದೆ. ಅವರಿಗೆ ಅರ್ಥವಾಗುವಾಗಲೇ ಕೇಳಿ ಮಾಡಿದರೆ ತೀರ್ಮಾನ ಅವರದ್ದಾಗುತ್ತದೆ. ತಡ ಮಾಡಿದಷ್ಟೂ ಅದು ಬೇರೆಯವರ ತೀರ್ಮಾನವಾಗುತ್ತದೆ. ಕಿತ್ತುಕೊಳ್ಳುವುದು ಎಂಬ ಮಾತು ನಿಜಕ್ಕೂ ಹೊಂದುವುದು ತಡವಾಗಿ ಮಾಡಿದ ಕೆಲಸಕ್ಕೆ.

ಹೆಂಡತಿಯೋ ಮಕ್ಕಳೋ ಇದೇ ನೆಪದಲ್ಲಿ ಮೋಸ ಮಾಡಿದರೆ ಎಂಬ ಅನುಮಾನವೂ ಸುಳ್ಳಲ್ಲ, ಮುದುಕರ ಆಸ್ತಿ ಹೊಡೆದುಕೊಂಡ ಸುದ್ದಿಗೆ ನಮ್ಮಲ್ಲಿ ಬರವಿಲ್ಲ. ಅದಕ್ಕೇ ಹಣದ ದಾರಿ ಬೆಳಕಿನಲ್ಲಿರಬೇಕು. ಕಾರಿನ ಬೆಲೆಯನ್ನು ಎರಡು ಮೂರು ಕಡೆ ಕೇಳಿ, ಹಣವನ್ನು ನಗದಾಗಿ ಪಡೆಯದೆ ಬ್ಯಾಂಕಿನ ಮೂಲಕ ಪಡೆದು, ಕಾಯಿಲೆಯವರ ಆರೈಕೆಗೆಂದೇ ಬೇರೆಯಾಗಿ ಇಟ್ಟು, ಖರ್ಚಿನ ಚೀಟಿಗಳನ್ನು ಮಕ್ಕಳೆಲ್ಲರಿಗೂ ತೋರಿಸಿದರೆ ಅನುಮಾನಕ್ಕೆ ಎಡೆ ಕಡಿಮೆ.

ಈಗಾಗಲೇ ಕಾಲ ಮೀರಿದ ಮನೆಗಳ ಗತಿ ಏನು? 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಇಂಥವರ ಆಸ್ತಿ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ ಎಂದು ಜಿಲ್ಲಾ ನ್ಯಾಯಾಲಯವನ್ನೇ ಕೇಳಲು ಒಂದು ಅಧ್ಯಾಯವಿತ್ತು. 2018ರಲ್ಲಿ, ಮೇಲೆ ಹೇಳಿದ 2017ರ ಹೊಸ ಕಾಯ್ದೆ ಜಾರಿಗೆ ಬಂದಾಗ ಹಳೆಯದರ ಜೊತೆಗೆ ಅದೂ ಹೋಯಿತು. ಹೊಸ ಕಾಯ್ದೆ ರೋಗಿಯ ಪರವಾಗಿ ಮಾತಾಡಬಲ್ಲ ಪ್ರತಿನಿಧಿಯನ್ನು ಚಿಕಿತ್ಸೆಯ ಮಟ್ಟಿಗೆ ಕೊಟ್ಟಿತೇ ಹೊರತು ಆಸ್ತಿಯ ಮಾತೆತ್ತಲಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮುಂತಾದವಕ್ಕೆ ಸೀಮಿತ. ಈ ಬಿರುಕನ್ನು ತುಂಬುತ್ತಿರುವುದು ಹೈಕೋರ್ಟುಗಳು. 2019ರಲ್ಲಿ ಕೇರಳ ಹೈಕೋರ್ಟು ಕೋಮಾದಲ್ಲಿರುವವರಿಗೆ ಪೋಷಕರನ್ನು ನೇಮಿಸುವ ಕ್ರಮ ರೂಪಿಸಿತು. 2024ರಲ್ಲಿ ಮದ್ರಾಸ್ ಹೈಕೋರ್ಟು ಕೋಮಾದಲ್ಲಿದ್ದ ಗಂಡನ ಆಸ್ತಿ ಮಾರಲು ಹೆಂಡತಿಗೆ ಅನುಮತಿ ಕೊಟ್ಟು, ಹಣದ ಒಂದು ಭಾಗ ಗಂಡನ ಹೆಸರಿನಲ್ಲೇ ಠೇವಣಿಯಾಗಿರಲಿ ಎಂದಿತು. ನ್ಯಾಯ ಸಿಕ್ಕಿತು ನಿಜ. ಆದರೆ ಒಂದೂವರೆ ಲಕ್ಷದ ಹಳೆಯ ಕಾರಿಗಾಗಿ ಹರಿಯಬ್ಬೆಯ ಹೆಣ್ಣುಮಗಳೊಬ್ಬಳು ಗಂಡನನ್ನು ನೋಡಿಕೊಳ್ಳುವುದು ಬಿಟ್ಟು ಬೆಂಗಳೂರಿನ ಹೈಕೋರ್ಟಿಗೆ ರಿಟ್ ಹಾಕಲಿ ಎನ್ನುವುದು ಯಾವ ನ್ಯಾಯ? ವಕೀಲರ ಫೀಸು ಕಟ್ಟುವಷ್ಟರಲ್ಲಿ ಕಾರಿನ ಬೆಲೆಯೇ ಕರಗಿರುತ್ತದೆ.

ಹತ್ತಿರದ ಬಾಗಿಲು ಒಂದಿದೆ, ಅದನ್ನು ತಟ್ಟುವವರು ಕಡಿಮೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ನೆನಪಿನ ತೀವ್ರ ತೊಂದರೆಯನ್ನೂ ಒಳಗೊಂಡ ಮಾನಸಿಕ ಕಾಯಿಲೆಯನ್ನು ಅಂಗವೈಕಲ್ಯದ ಪಟ್ಟಿಯಲ್ಲಿ ಸೇರಿಸಿದೆ. ಅದರ 14ನೇ ಸೆಕ್ಷನ್ ಪ್ರಕಾರ ಜಿಲ್ಲಾ ನ್ಯಾಯಾಲಯ, ಅಥವಾ ರಾಜ್ಯ ಸರ್ಕಾರ ಗೊತ್ತುಮಾಡಿದ ಅಧಿಕಾರಿ, ಒಂದು ನಿರ್ದಿಷ್ಟ ತೀರ್ಮಾನಕ್ಕಾಗಿ, ನಿರ್ದಿಷ್ಟ ಅವಧಿಗೆ ಸೀಮಿತ ಪೋಷಕರನ್ನು ನೇಮಿಸಬಹುದು. ಆ ಪೋಷಕರು ಕಾಯಿಲೆಯವರ ಇಚ್ಛೆಯನ್ನು ಕೇಳಿಯೇ ನಡೆಯಬೇಕು. ಒಂದು ಕಾರಿನ ಮಾರಾಟಕ್ಕೆ ಇದಕ್ಕಿಂತ ಹೊಂದುವ ಏರ್ಪಾಡು ಬೇಕಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ಮತ್ತು ಅಂಗವಿಕಲರಿಗೆ ಉಚಿತ ವಕೀಲರ ನೆರವು ಸಿಗುತ್ತದೆ, ಅದನ್ನು ಹಿರಿಯೂರಿನ ತಾಲ್ಲೂಕು ಸಮಿತಿಯಲ್ಲೇ ಕೇಳಬಹುದು. ಸರ್ಕಾರ ಮಾಡಬೇಕಾದ್ದು, ಬೆಲೆ ಕಡಿಮೆಯಿರುವ ವಾಹನ, ಸಣ್ಣ ಉಳಿತಾಯ ಖಾತೆಗಳಂಥ ವಿಷಯಗಳಿಗೆ ತಾಲ್ಲೂಕು ಅಥವಾ ಉಪವಿಭಾಗ ಮಟ್ಟದ ಅಧಿಕಾರಿಗೆ ಈ ಅಧಿಕಾರ ವಹಿಸಿ, ಡಾಕ್ಟರ ವರದಿ ಮತ್ತು ಸ್ಥಳ ತನಿಖೆಯ ಮೇಲೆ ಗೊತ್ತಾದ ದಿನಗಳೊಳಗೆ ಆದೇಶ ಕೊಡುವಂತೆ ಮಾಡುವುದು. ಆ ಆದೇಶವನ್ನು ಫಾರಂ 29, 30ರಲ್ಲಿ ಮಾಲೀಕರ ಸಹಿಯ ಬದಲು ಒಪ್ಪಿಕೊಳ್ಳಬೇಕೆಂದು ಸಾರಿಗೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಕೆಎ 16 ನಂಬರಿನ ಎಷ್ಟೋ ಗಾಡಿಗಳು ಖಾಲಿ ಫಾರಂಗಳ ಹಂಗಿಲ್ಲದೆ, ಸರಿಯಾದ ಹೆಸರಿಗೆ ಹೋಗುತ್ತವೆ.