ಸ್ಕ್ಯಾನ್ ಸರಿ ಇದೆ, ಗಮನ ಯಾಕೆ ನಿಲ್ತಿಲ್ಲ?

ಅರಸೀಕೆರೆ ಕಡೆ ತೆಂಗಿನಕಾಯಿ ಎಣಿಸೋರನ್ನ ನೋಡಿದ್ದೀರಾ? ಅತ್ತ ವ್ಯಾಪಾರದ ಮಾತು, ಇತ್ತ ಫೋನು. ಆದ್ರೂ ಲೆಕ್ಕ ತಪ್ಪಲ್ಲ.

ಈಗ ಹೀಗೆ ಅಂದ್ಕೊಳ್ಳಿ. ಅದೇ ಮನುಷ್ಯ ಹಳೇಬೀಡು–ಬೇಲೂರು ರಸ್ತೇಲಿ ಬೈಕಿಂದ ಬಿದ್ದು, ತಲೆಗೆ ಪೆಟ್ಟಾಗಿ, ಗಾಯ ಮಾಗಿದ ಮೇಲೆ ಕೆಲಸಕ್ಕೆ ಬಂದಿದ್ದಾನೆ. ಮೂವತ್ತು ಕಾಯಿ ದಾಟೋದ್ರೊಳಗೆ ಲೆಕ್ಕ ಕೈತಪ್ಪುತ್ತೆ. ಮನೆಯವರು 'ಸೋಮಾರಿ ಆಗ್ಬಿಟ್ಟ' ಅಂತಾರೆ. ಸೋಮಾರಿತನ ಅಲ್ಲ ಅದು! ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ರೂ ಗಮನದ ಶಕ್ತಿ ಕುಗ್ಗಿರಬಹುದು.

ಅದನ್ನ ಅಳೆಯೋಕೆ ದಾರಿ ಇದೆ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ನಮ್ಮ ಜನರಿಗೆ ಹೊಂದೋ ಪರೀಕ್ಷೆಗಳ ಕೈಪಿಡಿ ತಂತು. ಅದರಲ್ಲೊಂದು: ಹಾಳೆ ತುಂಬ ಅಂಕಿಗಳು, 6 ಮತ್ತು 9 ಕಂಡಲ್ಲೆಲ್ಲ ಗೀಟು ಹಾಕ್ತಾ ಹೋಗ್ಬೇಕು. ಎಷ್ಟು ಹೊತ್ತು ಹಿಡೀತು, ಎಷ್ಟು ಬಿಟ್ಟುಹೋಯ್ತು, ಬೇಡದ್ದು ಎಷ್ಟು ಹೊಡೆದ್ರು, ಎಲ್ಲಾ ಲೆಕ್ಕಕ್ಕೆ.

ಇನ್ನೊಂದು ನನಗೆ ತುಂಬ ಇಷ್ಟ. ಕಣ್ಣು ಕಟ್ಟಿ ಕೈ ಮೇಲೆ ಅಂಕಿ ಬರೀತಾರೆ. ಜೊತೆಗೇ ಮೂರು ಪದ ಹೇಳಿ, ಗುಂಪಿಗೆ ಸೇರದ್ದು ಯಾವುದು ಅಂತ ಕೇಳ್ತಾರೆ. ಗಮನ ಎರಡು ಕಡೆ ಹಂಚಿಕೊಂಡು ನಿಲ್ಲುತ್ತಾ ನೋಡೋಕೆ.

ಬಂದ ಅಂಕವನ್ನ ಅದೇ ವಯಸ್ಸಿನ, ಅಷ್ಟೇ ಓದಿರೋರ ಜೊತೆ ಹೋಲಿಸ್ತಾರೆ. ಶಾಲೆ ಮೆಟ್ಟಿಲು ಹತ್ತದವರನ್ನ ಡಿಗ್ರಿ ಓದಿದವರ ಪಕ್ಕ ನಿಲ್ಲಿಸೋದು ಅನ್ಯಾಯ ಅಲ್ವಾ?

ನಿದ್ದೆಗೇಡು, ನೋವು, ಮಾತ್ರೆಯ ಮಂಪರು ಕೂಡ ಅಂಕ ಇಳಿಸುತ್ತೆ. ಹಾಗಾಗಿ ಅಂಕವೊಂದೇ ಸಾಲದು, ದಿನನಿತ್ಯ ಏನಾಗ್ತಿದೆ ಅನ್ನೋದೂ ಹೇಳ್ಬೇಕು. ಪರೀಕ್ಷೆಗೆ ಹೋಗುವಾಗ ಮನೆಯವರೊಬ್ಬರು ಜೊತೆಗಿರಿ. ಒಲೆ ಮೇಲೆ ಹಾಲಿಟ್ಟು ಮರೆತದ್ದು, ಮಾತಿನ ಮಧ್ಯೆ ಎಳೆ ತಪ್ಪಿದ್ದು, ಎಲ್ಲಾ ಒಂದು ಚೀಟೀಲಿ ಬರ್ಕೊಂಡು ಹೋಗಿ.