ಮೈಬಿಸಿಗೆ ಬಿಚ್ಚುವ ಮಡಿಕೆ



ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದಿದವರು, ಅಗ್ರಹಾರದಲ್ಲಿ ಇಲಿಗಳು ಹೊರಬಂದು ಸಾಯುವ ಭಾಗವನ್ನು ಮರೆತಿರಲಾರರು. ಕಾದಂಬರಿಯ ಹೊರಗೂ ಆ ಭಯ ನಿಜವಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಪೇಟೆ ಬಿಟ್ಟು ಹೋದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದರ ಹಿಂದೆಯೂ ಆ ಪ್ಲೇಗು ಇದೆ.

ಪ್ಲೇಗಿನ ಬ್ಯಾಕ್ಟೀರಿಯ ಇಲಿಯಿಂದ ಮನುಷ್ಯನಿಗೆ ದಾಟುವುದು ಚಿಗಟದ ಮೂಲಕ. ಚಿಗಟದ ಹೊಟ್ಟೆಯಲ್ಲಿದ್ದಾಗ ಅದಕ್ಕೆ ನಮ್ಮ ರಕ್ಷಕ ಕಣಗಳನ್ನು ಕುಗ್ಗಿಸುವ ಆಯುಧಗಳು ಬೇಡ. ನಮ್ಮ ಮೈಯೊಳಗೆ ಬಂದಾಗ ಬೇಕು. ತಾನು ಎಲ್ಲಿದ್ದೇನೆಂದು ಅದಕ್ಕೆ ತಿಳಿಯುವುದು ಹೇಗೆ? ಮುಖ್ಯ ಸುಳಿವು ಬಿಸಿ. ಚಿಗಟದಲ್ಲಿ ಸುಮಾರು 26 ಡಿಗ್ರಿ, ನಮ್ಮಲ್ಲಿ 37.

ಇಲ್ಲಿ ಮೆಸಯೀದ್‌ನ ಬೇಸಿಗೆಯಲ್ಲಿ ನಮ್ಮನ್ನು ಕಾಯುವ ಏಸಿಯನ್ನೇ ನೋಡಿ. ಬಿಸಿ ಅಳೆಯಲು ಒಂದು ಭಾಗ, ಸುದ್ದಿ ಒಯ್ಯಲು ತಂತಿ, ತೀರ್ಮಾನಿಸಲು ಇನ್ನೊಂದು ಭಾಗ. ಸಾಫ್ಟ್‌ವೇರಿನವನಾದ ನಾನೂ ಹಾಗೆಯೇ ಬರೆಯುತ್ತಿದ್ದೆ. ಬ್ಯಾಕ್ಟೀರಿಯದಲ್ಲಿ ಈ ಮೂರೂ ಕೆಲಸವನ್ನು ಓಲೆಯೊಂದೇ ಮಾಡುತ್ತದೆ.

ಜೀನ್ ಮೂಲಪ್ರತಿಯಾದರೆ ಆರ್‌ಎನ್‌ಎ ಅದರ ನಕಲು. ರೈಬೋಸೋಮ್ ಆ ನಕಲನ್ನು ಓದಿ ಪ್ರೋಟೀನ್ ಕಟ್ಟುತ್ತದೆ. ಓದು ಶುರುವಾಗಬೇಕಾದರೆ ರೈಬೋಸೋಮಿಗೆ ನಕಲಿನ ಆರಂಭದಲ್ಲಿ ಕೂರಲು ಜಾಗ ಬೇಕು. ‘ಎಲ್‌ಸಿಆರ್‌ಎಫ್’ ಎಂಬ ಪ್ರೋಟೀನಿನ ಓಲೆಯಲ್ಲಿ ಆ ಜಾಗದ ಎ-ಜಿ-ಜಿ-ಎ ಅಕ್ಷರಗಳಿಗೆ, ಅದೇ ಓಲೆಯ ನಾಲ್ಕು ‘ಯು’ ಅಕ್ಷರಗಳು ಅಂಟಿಕೊಂಡು ಮಡಿಕೆಯಾಗುತ್ತದೆ. ಜಾಗ ಮುಚ್ಚಿಹೋಗುತ್ತದೆ, ಓದು ನಿಲ್ಲುತ್ತದೆ. ಆದರೆ ‘ಜಿ’ಗೆ ಗಟ್ಟಿ ಜೋಡಿ ‘ಸಿ’. ‘ಯು’ ಜೊತೆಗಿನ ನಂಟು ಸಡಿಲ. 37 ಡಿಗ್ರಿಯ ಬಿಸಿಗೆ ಆ ಮಡಿಕೆ ಬಿಚ್ಚುತ್ತದೆ. ಪ್ರೋಟೀನ್ ತಯಾರಾಗಿ, ಆಯುಧಗಳ ಜೀನುಗಳನ್ನೆಲ್ಲ ಎಬ್ಬಿಸುತ್ತದೆ. ಇದೊಂದೇ ಬೀಗವಲ್ಲ; ತಂಪಿನಲ್ಲಿ ನಕಲು ತೆಗೆಯುವುದನ್ನೇ ಕಡಿಮೆ ಮಾಡುವ ಇನ್ನೊಂದು ಪ್ರೋಟೀನೂ ಉಂಟು.

ಪ್ಲೇಗಿನ ಬ್ಯಾಕ್ಟೀರಿಯದಲ್ಲಿ ಇಂಥ ವ್ಯವಸ್ಥೆ ಇರಬೇಕೆಂದು 1993ರಲ್ಲಿ ಹೋ ಮತ್ತು ಗೋಗೆನ್ ತೋರಿಸಿದರು. 2012ರಲ್ಲಿ ಜರ್ಮನಿಯ ವಿಜ್ಞಾನಿಗಳು ಅದರ ಹತ್ತಿರದ ಬಂಧುವೊಂದರಲ್ಲಿ ಕೆಲವೇ ಅಕ್ಷರ ಬದಲಿಸಿ ಮಡಿಕೆಯನ್ನು ಬಿಗಿಗೊಳಿಸಿದರು. ಆ ಬ್ಯಾಕ್ಟೀರಿಯ ಪ್ರಯೋಗದ ಇಲಿಗಳನ್ನು ಕೊಲ್ಲುವ ಶಕ್ತಿಯನ್ನೇ ಕಳೆದುಕೊಂಡಿತು. ಒಂದು ಸಡಿಲ ಮಡಿಕೆಯ ಮೇಲೆ ಸಾವುಬದುಕು ನಿಂತಿತ್ತು!

ಈ ಉಪಾಯವನ್ನು ಮನುಷ್ಯನೂ ಕಲಿತಿದ್ದಾನೆ. 2008ರಲ್ಲಿ ಜರ್ಮನಿಯಲ್ಲೇ ಇಂಥ ಸರಳ ಮಡಿಕೆಗಳನ್ನು ಹೊಸದಾಗಿ ರಚಿಸಿ ಇ. ಕೋಲಿ ಬ್ಯಾಕ್ಟೀರಿಯದಲ್ಲಿ ಇಟ್ಟರು. ಬೇಕಾದ ಪ್ರೋಟೀನನ್ನು, ಬೇರೆ ರಾಸಾಯನಿಕ ಹಾಕದೆ, ಪಾತ್ರೆ ಬಿಸಿಮಾಡಿಯೇ ತಯಾರಿಸಲು ಶುರುಮಾಡಿಸಬಹುದು.

ಪ್ಲೇಗಿಗೆ ಇಂದು ಆಂಟಿಬಯಾಟಿಕ್ ಇದೆ, ಬೇಗ ಕೊಟ್ಟರೆ ಗುಣವಾಗುತ್ತದೆ. ನಮ್ಮ ಮುತ್ತಜ್ಜಂದಿರಿಗೆ ಅದಿರಲಿಲ್ಲ. ಪ್ಲೇಗಮ್ಮನಿಗೆ ಹರಕೆ ಹೊತ್ತರು, ಊರು ಬಿಟ್ಟರು. ಆ ರೋಗಾಣುವಿಗೆ ಗುರುತು ಹೇಳುತ್ತಿದ್ದದ್ದು ತಮ್ಮದೇ ಮೈಯ ಬಿಸಿಯೆಂದು ಅವರಿಗೆ ಹೇಗೆ ತಿಳಿಯಬೇಕಿತ್ತು? ‘ಸಂಸ್ಕಾರ’ವನ್ನು ಮುಂದಿನ ಸಲ ಕೈಗೆತ್ತಿಕೊಂಡಾಗ, ಆ ಇಲಿಗಳ ಜೊತೆ ಈ ಪುಟ್ಟ ಮಡಿಕೆಯನ್ನೂ ನೆನೆದುಕೊಳ್ಳಿ.