ಹಳೆಯ ತಂಬೂರಿಯ ಗುರುತು

ಕಾರ್ಖಾನೆಯಲ್ಲಿ ತಯಾರಾದ ಹನ್ನೆರಡು ತಂತಿಯ ಗಿಟಾರಿನ ವಯಸ್ಸನ್ನು ಬಹುಮಟ್ಟಿಗೆ ಅದರ ಕ್ರಮಸಂಖ್ಯೆಯಿಂದಲೇ ತಿಳಿಯಬಹುದು. ಆದರೆ ಬಾರಾಮತಿಯಿಂದ ವಿಜಯಪುರದವರೆಗಿನ ಸೀಮೆಯ ಹಳೆಯ ಮನೆಗಳಲ್ಲಿ ಉಳಿದಿರುವ, ಯಾರೋ ಗವಾಯಿಗಳು ಬಳಸಿದ್ದೆಂದು ಹೇಳಲಾಗುವ ತಂಬೂರಿಗಳಿಗೆ ಅಂಥ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಅವುಗಳ ಗುರುತನ್ನು ಬುರುಡೆ, ಮರ ಮತ್ತು ತಂತಿಗಳನ್ನು ಹೊರುವ ಕುದುರೆಗಳಲ್ಲಿಯೇ ಹುಡುಕಬೇಕಾಗುತ್ತದೆ. ಮೊದಲ ಊಹೆ ಮಿರಜಿನತ್ತ ಹೋಗುವುದು ಸಹಜ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಅಲ್ಲಿನ ಶಿಕಲಗಾರ ಮನೆತನಗಳು 19ನೆಯ ಶತಮಾನದಲ್ಲಿ ವಾದ್ಯತಯಾರಿಕೆಗೆ ತಿರುಗಿದವು. ಮಿರಜಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ತಂಜಾವೂರಿನ ತಂಬೂರಿಯ ಕೊಡವನ್ನು ಹಲಸಿನ ಮರದಲ್ಲಿ ಕೊರೆದು ಮಾಡುತ್ತಾರೆ, ಆದುದರಿಂದ ಅದರ ಮೈಮೇಲೆ ಮರದ ಎಳೆ ಕಾಣುತ್ತದೆ. ಮಿರಜಿನದರ ಬುರುಡೆ ಮಾತ್ರ ಒಣಗಿಸಿದ ದೊಡ್ಡ ಸೋರೆಕಾಯಿಯದು, ಎಳೆಯಿಲ್ಲದ್ದು, ಹಗುರವಾದದ್ದು, ಎರಡು ಬದಿಗಳೂ ಸರಿಸಮನಾಗಿ ಇಲ್ಲದ್ದು. ಈ ಸೋರೆ ಬೆಳೆಯುವುದು ಪಂಢರಪುರದ ಸುತ್ತಲಿನ ಭೀಮಾ ತೀರದಲ್ಲಿ. ದಂಡಿಗೂ ಮೇಲ್ಹಲಗೆಗೂ ಬೇವಿನ ಕುಟುಂಬಕ್ಕೆ ಸೇರಿದ, ಕೆಂಪು ಛಾಯೆಯ ಹಗುರ ತೂನ್ ಮರವನ್ನು ಬಳಸುವುದು ರೂಢಿ. ಅಂಚಿನ ಕುಸುರಿಯಲ್ಲಿರುವುದು ನಿಜವಾದ ದಂತವಾಗಿದ್ದರೆ, ಭಾರತೀಯ ಆನೆದಂತದ ವ್ಯಾಪಾರ 1986ರ ಕಾನೂನು ತಿದ್ದುಪಡಿಯಿಂದ ನಿಷಿದ್ಧವಾದುದರಿಂದ, ವಾದ್ಯ ಅದಕ್ಕಿಂತ ಹಿಂದಿನದಿರುವ ಸಂಭವ ಹೆಚ್ಚು. ಪ್ಲಾಸ್ಟಿಕ್ ಪಟ್ಟಿಯಿದ್ದ ಮಾತ್ರಕ್ಕೆ ವಾದ್ಯವೇ ಹೊಸದೆನ್ನಲಾಗದು, ಏಕೆಂದರೆ ಕುಸುರಿಯನ್ನು ದುರಸ್ತಿಯಲ್ಲಿ ಬದಲಿಸಿರಬಹುದು.

ಅನೇಕರು ಎಡವುವುದು ವಾದ್ಯದ ವಯಸ್ಸನ್ನು ನಾದದಿಂದ ಅಳೆಯಹೋದಾಗ. ಗಿಟಾರಿನ ತಂತಿ ಕುದುರೆಯ ಕಿರಿದಾದ ಅಂಚಿನ ಮೇಲೆ ನಿಲ್ಲುವುದರಿಂದ, ಧ್ವನಿ ತುಂಬಿಬರಲೆಂದು ಅದರಲ್ಲಿ ಆರು ಜೋಡಿ ತಂತಿಗಳನ್ನು ಹೂಡಿ, ಕೆಳಸ್ವರದ ನಾಲ್ಕು ಜೋಡಿಗಳಲ್ಲಿ ಒಂದೊಂದು ತಂತಿಯನ್ನು ಮೇಲಿನ ಸಪ್ತಕಕ್ಕೆ ಶ್ರುತಿಮಾಡುತ್ತಾರೆ. ತಂಬೂರಿಗೆ ನಾಲ್ಕೇ ತಂತಿಗಳು ಸಾಕಾಗುತ್ತವೆ. ಅದರ ಕುದುರೆ ಅಗಲವಾಗಿದ್ದು ಮೇಲ್ಮೈ ನವಿರಾಗಿ ಬಾಗಿರುವುದರಿಂದ, ಮಿಡಿದ ತಂತಿ ಪ್ರತಿ ಕಂಪನದಲ್ಲಿಯೂ ಅದನ್ನು ಸವರುತ್ತ, ತಗಲುವ ಬಿಂದುವನ್ನು ಹಿಂದೆಮುಂದೆ ಸರಿಸುತ್ತ, ಮೂಲಸ್ವರದ ಶಕ್ತಿಯನ್ನು ಉಪಸ್ವರಗಳಿಗೆ, ಅಂದರೆ ಮೂಲದ ಎರಡು, ಮೂರು, ನಾಲ್ಕು ಪಟ್ಟು ವೇಗದ ಕಂಪನಗಳಿಗೆ, ಹಂಚುತ್ತದೆ. ಈ ಮೇಲ್ಮೈಯ ಹದವೇ ಜವಾರಿ. ತಂತಿಯ ಕೆಳಗೆ ಸೇರಿಸುವ ನೂಲಿನ ಎಳೆ ಅದನ್ನು ಸೂಕ್ಷ್ಮವಾಗಿ ತಿದ್ದುತ್ತದೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮಿಡಿಯುತ್ತೇವೆಯೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರ ಕೇಳಿಸಲೇಬಾರದೆಂಬುದು ಹಳೆಯ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಅದು ಚೆನ್ನಾಗಿಯೇ ಕೇಳಿಸುತ್ತದೆಂದು ಸಿ. ವಿ. ರಾಮನ್ 1921ರಲ್ಲಿ ತೋರಿಸಿದರು.

ಆದರೆ ತಂತಿ ಉಜ್ಜಿ ಉಜ್ಜಿ ಕುದುರೆಯಲ್ಲಿ ಗೀರು ಬೀಳುತ್ತದೆ, ಜವಾರಿ ಕೆಡುತ್ತದೆ, ಆಗ ಕುಶಲಕರ್ಮಿ ಅದನ್ನು ಅರದಿಂದ ಮತ್ತೆ ಹದಗೊಳಿಸುತ್ತಾನೆ. ಹೀಗಾಗಿ ಶತಮಾನದಷ್ಟು ಹಳೆಯ ತಂಬೂರಿಯ ನಾದವೂ ಕಳೆದ ತಿಂಗಳಿನದಾಗಿರಬಹುದು. ಹಲವು ಸಲ ತೇದು ತೆಳುವಾದ ಕುದುರೆಯನ್ನು ಕೊನೆಗೆ ಬದಲಿಸಬೇಕಾಗುತ್ತದೆ. ಹಾಗೆ ಬದಲಿಸಿದಾಗ ಹಿಂದಿನ ಕುದುರೆಯ ಕಾಲುಗಳ ಗುರುತು ಮೇಲ್ಹಲಗೆಯ ಮೇಲೆ ಉಳಿದಿರುವುದುಂಟು.